ನಿಂತು ನಗಿಸುವವರು, ನಾಳೆ ಹೇಳುವವರು

ನಗಿಸುವುದು ಒಂದು ಕಸುಬು. ಚಪ್ಪಲಿ ಹೊಲೆಯುವುದು, ತಮಟೆ ಬಡಿಯುವುದು, ಬುಟ್ಟಿ ಹೆಣೆಯುವುದು ಹೇಗೆ ಕಸುಬೋ ಹಾಗೆಯೇ ಇದೂ. ಪ್ರತಿ ಕಸುಬಿನ ಮೇಲೂ ಜಾತಿಯ ಮುದ್ರೆ ಒತ್ತಿದ ನಾಡಿನಲ್ಲಿ ನಗಿಸುವ ಕಸುಬೊಂದು ಮಾತ್ರ ಮುದ್ರೆ ಬೀಳದೆ ಉಳಿಯಿತು ಅಂತ ನಂಬುವುದು ಕಷ್ಟ. ಆದರೆ ಕನ್ನಡ ಹಾಸ್ಯದ ಚರಿತ್ರೆಯನ್ನು ತರಗತಿಯಲ್ಲಿ ಹೇಳುವಾಗ ಕೈಲಾಸಂ, ರಾಶಿ, ಬೀಚಿ ಅಂತ ಹೆಸರುಗಳ ಸಾಲು ಬರುತ್ತದೆ. ಅವರಿಗಿಂತ ಮುಂಚೆ ಊರೂರು ಅಲೆದು ಹೊಟ್ಟೆಪಾಡಿಗೆ ನಗಿಸಿದವರು ಯಾರು ಅನ್ನುವ ಪ್ರಶ್ನೆ ಆ ತರಗತಿಯಲ್ಲಿ ಏಳುವುದಿಲ್ಲ. ಅದು ಪಕ್ಕದ ಕೋಣೆಯ ವಿಷಯ, ಜಾನಪದದ್ದು. ಬರೆದು ನಗಿಸಿದವನು ಸಾಹಿತ್ಯಕ್ಕೆ, ಅಂಗಳದಲ್ಲಿ ನಿಂತು ನಗಿಸಿದವನು ಜಾನಪದಕ್ಕೆ. ಈ ವಿಂಗಡಣೆಯೂ ಊರು ಕೇರಿಗಳ ವಿಂಗಡಣೆಯೇ ಅನ್ನುವುದು ನನ್ನ ಮೊದಲ ಮಾತು.

ಎರಡನೆಯದು ನಾಳೆಗೆ ಸಂಬಂಧಿಸಿದ್ದು. ನಗಿಸುವ ಕಸುಬಿನವರಲ್ಲಿ ಹಲವರು ನಾಳೆಯನ್ನೂ ಹೇಳುತ್ತಿದ್ದರು. ಕಣಿ, ಶಕುನ, ಹಾಲಕ್ಕಿಯ ನುಡಿ. ತಮಗೇ ನಾಳೆ ಇಲ್ಲದ ಜನ ಊರಿಗೆಲ್ಲ ನಾಳೆ ಹಂಚಿದರು. ನಮ್ಮ ದಲಿತ ವಿಮರ್ಶೆ ನೋವಿಗೊಂದು ಸಿಟ್ಟಿಗೊಂದು ಕೋಣೆ ಕಟ್ಟಿತು. ಕಟ್ಟಲೇಬೇಕಿತ್ತು, ಕಟ್ಟಿತು. ನಗುವಿಗೆ ಮತ್ತು ನಾಳೆಯ ಕಲ್ಪನೆಗೆ ಮಾತ್ರ ಇನ್ನೂ ಜಾಗ ಸಾಲದಾಗಿದೆ. ಈ ಎರಡು ಮಾತನ್ನು ನಾನು ಬಲ್ಲ ಸೀಮೆಯಿಂದ ಹೇಳುತ್ತೇನೆ. ನಾನು ಅರಸೀಕೆರೆ ತಾಲ್ಲೂಕಿನ ಕೇರಿಯವನು. ಬೇಲೂರು, ಹಳೇಬೀಡು ನನಗೆ ಶಾಲೆಯ ಪ್ರವಾಸದ ಊರುಗಳಲ್ಲ, ನೆಂಟರ ಊರುಗಳು.

1

ಈಗ ಹುಡುಗರು ಸ್ಟ್ಯಾಂಡ್-ಅಪ್ ಕಾಮಿಡಿ ಅನ್ನುತ್ತಾರಲ್ಲ, ಆ ಪದದಲ್ಲಿ ನನ್ನ ಕಣ್ಣಿಗೆ ಬೀಳುವುದು ಕಾಮಿಡಿ ಅಲ್ಲ, ನಿಲ್ಲುವುದು. ಒಬ್ಬನೇ ನಿಲ್ಲಬೇಕು. ವೇಷವಿಲ್ಲ, ಮೇಳವಿಲ್ಲ, ಕೈಯಲ್ಲಿ ಮೈಕು ಮಾತ್ರ. ತನ್ನ ಹೆಸರಲ್ಲಿ ತನ್ನ ಮಾತು ಆಡಬೇಕು. ಎದುರಿಗೆ ಕೂತವರನ್ನೂ ಗೇಲಿ ಮಾಡಬಹುದು. ಇದು ಸುಲಭದ ಹಕ್ಕಲ್ಲ. ನಮ್ಮಪ್ಪ ಗೌಡರ ಜಗುಲಿಯ ಮುಂದೆ ನಿಂತು ಮಾತಾಡಿದ್ದನ್ನ ನಾನು ಕಂಡಿಲ್ಲ. ಟವಲು ಕಂಕುಳಿಗೆ ಹೋಗೋದು, ಬೆನ್ನು ಬಾಗೋದು, ಬಾಯಿಗೆ ಕೈ ಅಡ್ಡ ಬರೋದು. ಅದೇ ಅಪ್ಪ ಕೇರಿಗೆ ಬಂದು ಕಲ್ಲಿನ ಮೇಲೆ ಕೂತರೆ ಗೌಡರ ನಡಿಗೆ, ಗೌಡರ ಕೆಮ್ಮು, ಗೌಡರ ಲೆಕ್ಕ ಎಲ್ಲ ಮಾಡಿ ತೋರಿಸೋರು. ಕೇರಿಗೆ ಕೇರಿಯೇ ಹೊಟ್ಟೆ ಹಿಡಿದುಕೊಂಡು ನಗೋದು. ನಗಿಸುವ ಶಕ್ತಿ ಇತ್ತು, ಊರ ಮುಂದೆ ನಿಲ್ಲುವ ಜಾಗ ಇರಲಿಲ್ಲ.

ಇದು ನಮ್ಮೊಬ್ಬರ ಕತೆಯಲ್ಲ. ಅಮೆರಿಕದಲ್ಲಿ ಬಿಳಿಯರ ಕ್ಲಬ್ಬುಗಳಲ್ಲಿ ಕರಿಯರು ಹಾಡಬಹುದಿತ್ತು, ಕುಣಿಯಬಹುದಿತ್ತು, ಪೆದ್ದನ ವೇಷ ಹಾಕಬಹುದಿತ್ತು. ಅಲುಗಾಡದೆ ನಿಂತು, ಬಿಳಿಯರ ಕಣ್ಣಲ್ಲಿ ಕಣ್ಣಿಟ್ಟು ಬುದ್ಧಿಯ ಮಾತಾಡಿ ನಗಿಸುವ ಅವಕಾಶ ಇರಲಿಲ್ಲ. ಡಿಕ್ ಗ್ರೆಗರಿ ಎಂಬ ಹಾಸ್ಯಗಾರ 1961ರ ಜನವರಿಯಲ್ಲಿ ಶಿಕಾಗೊ ನಗರದ ಕ್ಲಬ್ಬೊಂದರಲ್ಲಿ ದಕ್ಷಿಣದ ಬಿಳಿಯ ವ್ಯಾಪಾರಸ್ಥರ ಮುಂದೆ ನಿಂತು ಜನಾಂಗಭೇದವನ್ನೇ ತಮಾಷೆಯ ಸರಕು ಮಾಡಿದರು. ಅಲ್ಲಿಂದ ಅವರ ಬದುಕು ತಿರುಗಿತು. ಮುಂದೆ ಅವರು ನಾಗರಿಕ ಹಕ್ಕುಗಳ ಚಳವಳಿಯಲ್ಲಿ ಜೈಲಿಗೂ ಹೋದರು. ಅವರಿಗೆ ನಗಿಸುವುದು ಬೇರೆ, ಹೋರಾಡುವುದು ಬೇರೆ ಆಗಿರಲಿಲ್ಲ. ನಿಲ್ಲುವುದೇ ಹೋರಾಟವಾಗಿತ್ತು.

2

ನಮ್ಮ ಸೀಮೆಯಲ್ಲಿ ನಗಿಸುವವರು ವೇಷದ ಮರೆಯಲ್ಲಿ ನಿಂತರು. ಮೂಡಲಪಾಯ ಬಯಲಾಟದಲ್ಲಿ ಮೊದಲು ರಂಗಕ್ಕೆ ಬರುವವನು ಕೋಡಂಗಿ. ರಾಜ, ಮಂತ್ರಿ, ದೇವರು ಬರುವ ಮುಂಚೆ ಅವನು ಕುಣಿದು, ನಗಿಸಿ, ಜನರನ್ನು ಕೂರಿಸಬೇಕು. ಆಮೇಲೆ ಅವನಿಗೆ ಕೆಲಸವಿಲ್ಲ. ಹೇಳೋನು ವೀರಭದ್ರ, ಕೇಳೋನು ಕೋಡಂಗಿ ಅಂತ ಗಾದೆ ಬೇರೆ ಮಾಡಿದ್ದಾರೆ. ಆಟದಲ್ಲಿ ಮೊದಲು ಬಾಯಿ ತೆಗೆಯುವವನನ್ನು ಗಾದೆಯಲ್ಲಿ ಕೇಳುವವನ ಜಾಗಕ್ಕೆ ದಬ್ಬಿದ್ದು ಸುಮ್ಮನೆ ಆದದ್ದಲ್ಲ.

ಹಗಲುವೇಷದವರು ಬರುತ್ತಿದ್ದರು. ಬುಡ್ಗ ಜಂಗಮ, ಸುಡುಗಾಡು ಸಿದ್ಧ ಮುಂತಾದ ಅಲೆಮಾರಿ ಸಮುದಾಯಗಳ ಕಲೆ ಅದು. ಊರಾಚೆ ಗುಡಾರ ಹಾಕಿ, ದಿನಕ್ಕೊಂದು ವೇಷ ಕಟ್ಟಿ ಹಗಲ ಬೆಳಕಲ್ಲೇ ಬೀದಿಗೆ ಇಳಿಯುತ್ತಿದ್ದರು. ರಾತ್ರಿಯ ಆಟಕ್ಕೆ ಕತ್ತಲೆಯ ಸಹಾಯ ಇರುತ್ತದೆ, ಪಂಜಿನ ಬೆಳಕಿನ ಮಾಯೆ ಇರುತ್ತದೆ. ಹಗಲುವೇಷಕ್ಕೆ ಅದೇನೂ ಇಲ್ಲ. ನೋಡುವವನ ಮೂಗಿನ ಮುಂದೆಯೇ ನಂಬಿಸಬೇಕು. ರಾಮನೂ ಬರುತ್ತಿದ್ದ, ಪೊಲೀಸ್ ಇನ್ಸ್‌ಪೆಕ್ಟರೂ ಬರುತ್ತಿದ್ದ. ಇನ್ಸ್‌ಪೆಕ್ಟರ ವೇಷದವನು ಊರ ದೊಡ್ಡವರನ್ನ ಏಕವಚನದಲ್ಲಿ ಗದರಿಸಿದರೆ ದೊಡ್ಡವರೂ ನಗುತ್ತಿದ್ದರು. ಕೊನೆಯ ದಿನ ಅವನೇ ವೇಷ ಕಳಚಿ, ಅದೇ ದೊಡ್ಡವರ ಅಂಗಳದಲ್ಲಿ ಸೆರಗೊಡ್ಡಿದ ಹೆಂಡತಿಯ ಪಕ್ಕ ನಿಂತು ರಾಗಿಗೆ ಕಾಯುತ್ತಿದ್ದ. ಗೇಲಿಗೆ ಪರವಾನಗಿ ಇತ್ತು, ಯಾಕೆಂದರೆ ಅದು ಸಂಜೆಗೆ ಮುಗಿಯುವ ಗೇಲಿ. ಕೂಲಿ ಕೂಡ ಕೂಲಿಯಾಗಿರಲಿಲ್ಲ, ಭಿಕ್ಷೆಯಾಗಿತ್ತು. ಅದಕ್ಕೇ ಇವರ ಕಸುಬಿಗೆ ಚರಿತ್ರೆ ಹುಟ್ಟಲಿಲ್ಲ. ಕೂಲಿಗೆ ಲೆಕ್ಕ ಇರುತ್ತದೆ, ಭಿಕ್ಷೆಗೆ ಯಾರು ಲೆಕ್ಕ ಇಡುತ್ತಾರೆ?

ತೊಗಲು ಗೊಂಬೆಯವರ ಕತೆ ಇನ್ನೂ ವಿಚಿತ್ರ. ಅವರ ಆಟದಲ್ಲಿ ರಾಮಾಯಣ, ಮಹಾಭಾರತಗಳ ನಡುವೆ ನುಗ್ಗಿ ನಗಿಸುವ ಎರಡು ಗೊಂಬೆಗಳಿವೆ. ಒಬ್ಬ ಕಿಳ್ಳೇಕ್ಯಾತ, ಇನ್ನೊಬ್ಬಳು ಅವನ ಹೆಂಡತಿ ಬಂಗಾರಕ್ಕ. ಕಪ್ಪು ಮೈ, ಡೊಳ್ಳು ಹೊಟ್ಟೆ, ಬಾಯಿಗೆ ಬಂದ ಮಾತು. ರಾಮನ ದುಃಖದ ನಡುವೆಯೂ ಇವರ ಸಂಸಾರದ ಜಗಳ ನಡೆಯುತ್ತದೆ. ಜನ ಆ ಗೊಂಬೆಯ ಹೆಸರನ್ನೇ ಗೊಂಬೆ ಆಡಿಸುವವರ ಜಾತಿಗೆ ಇಟ್ಟರು. ರಾಮನ ಗೊಂಬೆ ಆಡಿಸಿದ್ದಕ್ಕೆ ರಾಮನ ಕುಲದವರು ಅನ್ನಲಿಲ್ಲ, ಕೋಡಂಗಿಯ ಗೊಂಬೆ ಆಡಿಸಿದ್ದಕ್ಕೆ ಕೋಡಂಗಿಯ ಕುಲ ಮಾಡಿದರು. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಸಿಳ್ಳೇಕ್ಯಾತ ಎಂಬ ಹೆಸರಿದೆ. ಒಂದು ಹಾಸ್ಯಪಾತ್ರ ಸರ್ಕಾರದ ಕಡತದಲ್ಲಿ ಜಾತಿಯಾಗಿ ಕೂತ ಉದಾಹರಣೆ ಲೋಕದಲ್ಲಿ ಇನ್ನೆಲ್ಲಿದೆಯೋ ಕಾಣೆ. 2025ರಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ಆಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಇಡೀ ಆಯುಷ್ಯ ಆಡಿಸಿದ ಮೇಲೆ ಕಲೆ ಕಸುಬಿನ ಅಂಗಳ ದಾಟಿ ದಿಲ್ಲಿ ಮುಟ್ಟಿತು.

3

ನಗು ಮತ್ತು ನಾಳೆ ಒಂದೇ ಮೈಯಲ್ಲಿ ಕೂಡಿದ್ದು ಕೊರವಂಜಿಯಲ್ಲಿ. ಕೈಯಲ್ಲಿ ಬುಟ್ಟಿ, ಕಂಕುಳಲ್ಲಿ ಮಗು, ಬಾಯಲ್ಲಿ ಬೆಡಗಿನ ಮಾತು. ಅಂಗಳದಲ್ಲಿ ನಿಂತು ಮನೆಯೊಡತಿಯನ್ನು ಮೊದಲು ನಗಿಸುತ್ತಾಳೆ, ಆಮೇಲೆ ಕೈ ಹಿಡಿದು ಮುಂದಾಗುವುದನ್ನು ಹೇಳುತ್ತಾಳೆ. ಶ್ರೀನಿವಾಸ ಕಲ್ಯಾಣದ ಕತೆಯಲ್ಲಿ ದೇವರಿಗೇ ಹೆಣ್ಣು ಕೇಳುವ ಕೆಲಸ ಬಿದ್ದಾಗ ಅವನು ಕೊರವಂಜಿಯ ವೇಷ ಹಾಕಿ ಅರಮನೆಗೆ ಹೋದ. ಅರಮನೆಯ ಒಳಗೆ ನಾಳೆಯನ್ನು ಧೈರ್ಯವಾಗಿ ಹೇಳುವ ಬಾಯಿ ಅವಳದು ಮಾತ್ರ ಅಂತ ದೇವರಿಗೂ ಗೊತ್ತಿತ್ತು.

1942ರಲ್ಲಿ ಡಾಕ್ಟರ್ ಎಂ. ಶಿವರಾಂ, ಅಂದರೆ ರಾಶಿ, ಕನ್ನಡದ ಹೆಸರಾಂತ ಹಾಸ್ಯ ಪತ್ರಿಕೆ ಶುರು ಮಾಡಿದಾಗ ಅದಕ್ಕೆ ಇಟ್ಟ ಹೆಸರು ‘ಕೊರವಂಜಿ’. 1967ರವರೆಗೆ ಅದು ನಡೆಯಿತು. ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. ಒಳ್ಳೆಯ ಪತ್ರಿಕೆ, ಅದರಲ್ಲಿ ಅನುಮಾನವಿಲ್ಲ. ಕನ್ನಡದ ಓದುಗರಿಗೆ ನಯವಾಗಿ ನಗುವುದನ್ನು ಕಲಿಸಿತು. ಆದರೆ ಒಂದು ಸಂಗತಿ ನೆನಪಿರಬೇಕು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯನ್ನು 1911ರಲ್ಲಿ ತಿದ್ದಿ ಮದ್ರಾಸ್ ಪ್ರಾಂತಕ್ಕೆ ವಿಸ್ತರಿಸಿದ ಮೇಲೆ ಅಲ್ಲಿ ಕೊರವರು ಹುಟ್ಟು ಕಳ್ಳರ ಪಟ್ಟಿಗೆ ಬಿದ್ದರು. ಪೊಲೀಸು ಠಾಣೆಗೆ ಹೋಗಿ ಹಾಜರಿ ಹಾಕಬೇಕಿತ್ತು. 1942ರಲ್ಲಿ ಆ ಕಾಯ್ದೆ ಜೀವಂತವಾಗಿತ್ತು. ದೇಶದ ಮಟ್ಟದಲ್ಲಿ ಅದು ರದ್ದಾದದ್ದು 1952ರಲ್ಲಿ. ಇಲ್ಲಿ ಮುಖಪುಟದ ಮೇಲೆ ಕೊರವಂಜಿ ನಗಿಸುತ್ತಿದ್ದ ವರ್ಷಗಳಲ್ಲೇ ಪಕ್ಕದ ಪ್ರಾಂತದ ಠಾಣೆಯ ಹಾಜರಿ ಪುಸ್ತಕದಲ್ಲಿ ಕೊರವರ ಹೆಬ್ಬೆಟ್ಟು ಬೀಳುತ್ತಿತ್ತು. ರಾಶಿಯವರ ಮೇಲೆ ದೂರು ಹೇಳಲು ಇದನ್ನು ಎತ್ತುತ್ತಿಲ್ಲ. ಹೆಸರು ಒಳಗೆ ಬರುತ್ತದೆ, ಹೆಸರಿನವರು ಹೊರಗೆ ಉಳಿಯುತ್ತಾರೆ. ಇದು ಒಬ್ಬ ಸಂಪಾದಕರ ಗುಣವಲ್ಲ, ಒಂದು ಸಂಸ್ಕೃತಿಯ ಅಭ್ಯಾಸ.

4

ಅಭ್ಯಾಸ ಹಳೆಯದು ಅನ್ನುವುದಕ್ಕೆ ಬೇಲೂರಿಗೆ ಹೋಗೋಣ. ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ಗುಡಿ 1117ರದು. ಹಳೇಬೀಡಿನ ಹೊಯ್ಸಳೇಶ್ವರ ಅದರ ಹಿಂದೆಯೇ ಬಂತು. ನಮ್ಮ ಅರಸೀಕೆರೆಯ ಶಿವಾಲಯ 1220ರದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ಪಟ್ಟಿಗೆ ಸೇರಿದವು. ಬೇಲೂರಿನ ಶಿಲಾಬಾಲಿಕೆಯರಲ್ಲಿ ಒಬ್ಬಳ ಸೀರೆಯನ್ನು ಕೋತಿಯೊಂದು ಎಳೆಯುತ್ತಿದೆ. ನೋಡಿದವರು ನಗದೆ ಮುಂದೆ ಹೋಗುವುದಿಲ್ಲ. ಎಂಟು ನೂರು ವರ್ಷ ದಾಟಿದರೂ ಆ ನಗು ಸವೆದಿಲ್ಲ. ಕಲ್ಲಿನ ಕೋತಿ ನಗಿಸಿದರೆ ಅದು ಕಲೆ. ಗುಡಿಯ ಹೊರಗೆ ಕೋತಿ ಆಡಿಸುವವನು ನಗಿಸಿದರೆ ಅದು ಭಿಕ್ಷಾಟನೆ.

ಇದೇ ಗುಡಿಗೆ ಇನ್ನೊಂದು ಕತೆ ಅಂಟಿಕೊಂಡಿದೆ. ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲೂ ಅದು ಇದೆ. ಬೇಲೂರಿನ ಚೆನ್ನಿಗರಾಯ ಆಗಾಗ ಬಾಬಾಬುಡನ್ ಬೆಟ್ಟಕ್ಕೆ ದೇವಿಯನ್ನು ನೋಡಲು ನಡೆದು ಹೋಗುತ್ತಾನಂತೆ. ನಡೆದೂ ನಡೆದೂ ಮೆಟ್ಟು ಸವೆಯುತ್ತವೆ. ಆಗ ಚನ್ನಗಿರಿ ಮತ್ತು ಬಸವಾಪಟ್ಟಣದ ಮಾದಿಗರಿಗೆ ಕನಸು ಬೀಳುತ್ತದೆ. ಅವರು ಹೊಸ ಮೆಟ್ಟು ಹೊಲಿದು ತರುತ್ತಾರೆ. ತಂದವರಿಗೆ ಗುಡಿಯ ಅಂಗಳದವರೆಗೆ ಬರುವ ಅನುಮತಿ. ಹೊಲೆಯರಿಗೆ ಬೇಲೂರಿನಲ್ಲೂ ಮೇಲುಕೋಟೆಯಲ್ಲೂ ವರ್ಷಕ್ಕೆ ಮೂರು ದಿನ ಗುಡಿ ಪ್ರವೇಶ ಇತ್ತು ಅಂತಲೂ ಅದೇ ಸಂಪುಟಗಳಲ್ಲಿದೆ.

ಈ ಕತೆಯನ್ನು ಒಂದು ಸಲ ನಿಧಾನವಾಗಿ ಓದಿ. ಬೇಲೂರಿನಲ್ಲಿ ಸವೆದ ಮೆಟ್ಟಿನ ಸುದ್ದಿ ಟಪಾಲಿಲ್ಲದೆ, ತಂತಿಯಿಲ್ಲದೆ ದೂರದ ಎರಡು ಊರುಗಳಿಗೆ ಮುಟ್ಟುತ್ತದೆ. ಕಾಣದ ಕಾಲಿಗೆ ಚರ್ಮದ ಅಳತೆ ಸಿಗುತ್ತದೆ. ಇದು ನಮ್ಮ ಕೇರಿಯ ವಿಜ್ಞಾನ ಕತೆ ಅಂದರೆ ನಗಬೇಡಿ. ದೇವರಿಗೂ ಕಾಲು ಸವೆಯುತ್ತದೆ, ಅವನಿಗೂ ನಮ್ಮ ಕೈಯ ಕೆಲಸ ಬೇಕು ಅನ್ನುವ ಕಲ್ಪನೆ ಅದರೊಳಗಿದೆ. ಈ ಕತೆಯನ್ನ ನನ್ನ ಸೋದರತ್ತೆ ಹೇಳೋರು. ಹೇಳಿ ಮುಗಿಸಿದ ಮೇಲೆ ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡು, “ಅಲ್ಲ ಕಣಪ್ಪ, ಕನಸಲ್ಲಿ ಬಂದು ಮೆಟ್ಟು ಹೊಲಿ ಅಂದೋನು, ಹಂಗೇ ಒಳಗೂ ಬಾ ಅನ್ನೋದ ಮರೆತುಬುಟ್ಟ ನೋಡು” ಅನ್ನೋರು. ಗೆಜೆಟಿಯರ್ ಬರೆದವರು ಕತೆಯನ್ನು ದಾಖಲು ಮಾಡಿಕೊಂಡರು. ಅತ್ತೆಯ ಕೊನೆಯ ಮಾತನ್ನು ಅಂಥವರ ಬಾಯಿಂದ ಯಾರೂ ಕೇಳಲಿಲ್ಲ. ದಲಿತ ವಿಮರ್ಶೆಗೆ ಬೇಕಾದದ್ದು ಆ ಕೊನೆಯ ಮಾತು. ಕತೆಯಲ್ಲಿ ನಂಬಿಕೆ ಇದೆ, ಮಾತಿನಲ್ಲಿ ನಂಬಿಕೆಯ ಲೆಕ್ಕ ತೆಗೆಯುವ ನಗು ಇದೆ. ಎರಡೂ ಒಂದೇ ಬಾಯಲ್ಲಿ ಇದ್ದವು.

5

ಕಸುಬು ವೃತ್ತಿಯಾದದ್ದು ರೈಲು ಮತ್ತು ಟಿಕೀಟು ಬಂದ ಮೇಲೆ. ಬೆಂಗಳೂರಿನಿಂದ ಹೊರಟ ರೈಲು ತುಮಕೂರು, ಗುಬ್ಬಿ, ತಿಪಟೂರು ದಾಟಿ ಅರಸೀಕೆರೆ ಜಂಕ್ಷನ್ನಿಗೆ ಬರುತ್ತದೆ. ಅಲ್ಲಿಂದ ಒಂದು ದಾರಿ ಹುಬ್ಬಳ್ಳಿಗೆ, ಇನ್ನೊಂದು ಹಾಸನಕ್ಕೆ. ಪರದೆ, ಪೆಟ್ಟಿಗೆ, ಕಿರೀಟ ಹೇರಿಕೊಂಡು ತಿರುಗುವ ಕಂಪನಿಗಳಿಗೆ ಇಂಥ ಜಂಕ್ಷನ್ನೇ ಬೇಕಿತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ಬೆಳೆಸಿದ ಗುಬ್ಬಿ ವೀರಣ್ಣ ಮೂಲತಃ ಹಾಸ್ಯನಟ. ಟಿಕೀಟು ಬಂದಾಗ ನಗಿಸುವವನಿಗೆ ಮೊದಲ ಸಲ ಕೂಲಿ ಬಂತು, ಬಿರುದು ಬಂತು, 1972ರಲ್ಲಿ ವೀರಣ್ಣನವರಿಗೆ ಪದ್ಮಶ್ರೀ ಬಂತು. ಮಾಸ್ಟರ್ ಹಿರಣ್ಣಯ್ಯ (1934–2019) ‘ಲಂಚಾವತಾರ’ದಲ್ಲಿ ಪಾತ್ರದಿಂದ ಈಚೆ ಬಂದು ಆ ದಿನದ ಮಂತ್ರಿಗಳನ್ನು ಝಾಡಿಸುತ್ತಿದ್ದರು. ಕನ್ನಡದಲ್ಲಿ ಸ್ಟ್ಯಾಂಡ್-ಅಪ್ ಎನ್ನುವುದಕ್ಕೆ ತೀರ ಹತ್ತಿರದ್ದು ಅದೇ. ಆಮೇಲೆ ಗಣಪತಿ ಪೆಂಡಾಲು, ರಾಜ್ಯೋತ್ಸವಗಳಲ್ಲಿ ಹಾಸ್ಯಸಂಜೆಗಳು ಬಂದವು. ಬೀಚಿ ಅವರ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡ ಗಂಗಾವತಿ ಪ್ರಾಣೇಶ್ ಥರದವರು ಒಬ್ಬರೇ ಮೈಕಿನ ಮುಂದೆ ಗಂಟೆಗಟ್ಟಲೆ ನಿಂತು ಸಾವಿರಾರು ಜನರನ್ನು ನಗಿಸಿದರು. ಕ್ಯಾಸೆಟ್ಟು, ಸಿ.ಡಿ., ಈಗ ಮೊಬೈಲು.

ಇವರೆಲ್ಲ ದುಡಿದು ಗಳಿಸಿದ ಹೆಸರು, ಅದಕ್ಕೆ ತಕರಾರಿಲ್ಲ. ನನ್ನ ಪ್ರಶ್ನೆ ಬೇರೆ. ಹಗಲುವೇಷದ ಮಕ್ಕಳು ಆ ರೈಲು ಯಾಕೆ ಹತ್ತಲಿಲ್ಲ? ನಗಿಸುವ ವಿದ್ಯೆ ತಲೆಮಾರುಗಳಿಂದ ಅವರ ಕೈಯಲ್ಲಿತ್ತು. ಕಂಪನಿಗೆ ಬೇಕಾದದ್ದು ವಿದ್ಯೆ ಮಾತ್ರ ಅಲ್ಲ. ಬಂಡವಾಳ ಬೇಕಿತ್ತು, ಒಟ್ಟಿಗೆ ಉಣ್ಣುವ ಪಂಕ್ತಿ ಬೇಕಿತ್ತು, ಊರಲ್ಲಿ ಬಿಡಾರಕ್ಕೆ ಮನೆ ಸಿಗಬೇಕಿತ್ತು. ನಗೆಯ ಸರಕು ಕೂಡ ಬದಲಾಯಿತು. ಹಗಲುವೇಷದಲ್ಲಿ ಕೆಳಗಿನವನು ಮೇಲಿನವನ ವೇಷ ಹಾಕುತ್ತಿದ್ದ. ಕಂಪನಿ ನಾಟಕದಲ್ಲಿ ಆಳು, ಹಳ್ಳಿಗಮಾರ, ಕುಡುಕ ಇವರ ಮಾತು ನಗೆಗೆ ಒದಗಿತು. ನಗುವಿನ ದಿಕ್ಕು ಕೆಳಗಿನಿಂದ ಮೇಲಕ್ಕೆ ಇದ್ದದ್ದು ಮೇಲಿನಿಂದ ಕೆಳಕ್ಕೆ ತಿರುಗಿತು. ಇಂದಿಗೂ ಹಾಸ್ಯಸಂಜೆಯಲ್ಲಿ ‘ಅವರ ಭಾಷೆ’ ಮಾಡಿ ತೋರಿಸಿದಾಗ ಚಪ್ಪಾಳೆ ಬೀಳುತ್ತದಲ್ಲ, ಆ ಚಪ್ಪಾಳೆಗೆ ವಯಸ್ಸಾಗಿದೆ.

6

ವೇಷವಿಲ್ಲದೆ, ತನ್ನ ಹೆಸರಲ್ಲಿ, ತನ್ನ ಕೇರಿಯನ್ನು ಹೆಗಲ ಮೇಲೆ ಇಟ್ಟುಕೊಂಡು ನಿಂತು ನಗಿಸಿದವರು ಸಿದ್ಧಲಿಂಗಯ್ಯ (1954–2021). 1975ರ ‘ಹೊಲೆಮಾದಿಗರ ಹಾಡು’ ಸಿಟ್ಟಿನ ಪುಸ್ತಕ. 1990ರ ದಶಕದಲ್ಲಿ ಬಂದ ‘ಊರುಕೇರಿ’ ನಗುವಿನ ಪುಸ್ತಕ. ಹಸಿವು ಅದೇ, ಅವಮಾನ ಅದೇ, ಹೇಳುವವನ ಬೆನ್ನು ಮಾತ್ರ ನೆಟ್ಟಗಾಗಿದೆ. ‘ಊರುಕೇರಿ’ಗೆ ಬರೆದ ಲೇಖನದಲ್ಲಿ ಡಿ.ಆರ್. ನಾಗರಾಜ್ ಬಡವರ ನಗುವಿನ ಶಕ್ತಿಯನ್ನು ಗುರುತಿಸಿದರು. ರಾಜಕೀಯ ಸಿಟ್ಟಿನಿಂದ ಸಾಂಸ್ಕೃತಿಕ ಹಕ್ಕಿನ ಕಡೆಗೆ ದಲಿತ ಕಾವ್ಯ ನಡೆದ ದಾರಿ ಅದು ಅಂತ ಅವರು ಬೇರೆ ಕಡೆಯೂ ವಾದಿಸಿದ್ದಾರೆ. ಸಿದ್ಧಲಿಂಗಯ್ಯ ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿದವರು. ದೇವರುಗಳನ್ನು ಬೈಯದೆ, ಪೂಜಿಸದೆ, ಪಕ್ಕದ ಮನೆಯವರ ಹಾಗೆ ಮಾತಾಡಿಸಿದರು. ವಿಧಾನ ಪರಿಷತ್ತಿನಲ್ಲೂ ಇದ್ದರು. ಅಲ್ಲಿನ ಮಾತುಗಳು ‘ಸದನದಲ್ಲಿ ಸಿದ್ಧಲಿಂಗಯ್ಯ’ ಎಂದು ಪುಸ್ತಕವಾದವು. 2015ರಲ್ಲಿ ನಮ್ಮದೇ ಜಿಲ್ಲೆಯ ಶ್ರವಣಬೆಳಗೊಳದಲ್ಲಿ 81ನೇ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ವೇದಿಕೆ ಏರಿದರು.

ನಗು ಬಂತು, ಸಿಟ್ಟು ಹೋಯಿತು ಅಂತ ಚಳವಳಿಯ ಗೆಳೆಯರು ಆಕ್ಷೇಪಿಸಿದ್ದುಂಟು. ಅಧಿಕಾರದ ಹತ್ತಿರ ಹೋದವರ ನಗುವನ್ನು ಅನುಮಾನದಿಂದ ನೋಡಬೇಕಾದದ್ದೇ. ಆದರೂ ನಗು ಸಿಟ್ಟಿನ ವೈರಿ ಅನ್ನುವುದು ನಮ್ಮ ಚರಿತ್ರೆಗೆ ಒಪ್ಪುವ ಮಾತಲ್ಲ. 1873ರಲ್ಲಿ ಜೋತಿಬಾ ಫುಲೆ ‘ಗುಲಾಮಗಿರಿ’ ಬರೆದಾಗ ಅದನ್ನು ಇಬ್ಬರ ಮಾತುಕತೆಯಾಗಿ ಬರೆದರು. ನಾಲ್ಕು ವರ್ಣಗಳು ಬ್ರಹ್ಮನ ನಾಲ್ಕು ಅಂಗಗಳಿಂದ ಹೆತ್ತುಬಂದವು ಅನ್ನುವುದಾದರೆ ಪಾಪ ಬ್ರಹ್ಮ ತಿಂಗಳಿಗೆ ಎಷ್ಟು ದಿನ ಹೊರಗೆ ಕೂರಬೇಕಾಗಿತ್ತು ಅಂತ ಅಲ್ಲಿ ಲೆಕ್ಕ ನಡೆಯುತ್ತದೆ. ಓದಿದರೆ ನಗು ತಡೆಯಲಾಗುವುದಿಲ್ಲ. ಪುರುಷಸೂಕ್ತಕ್ಕೆ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದೂ ಕಡಿಮೆ. ಅತ್ತೆಯ ಮೆಟ್ಟಿನ ಮಾತಿಗೂ ಫುಲೆಯ ಲೆಕ್ಕಕ್ಕೂ ನಂಟು ಇದೆ. ಈಗ ಬೆಂಗಳೂರಿನ ಸಣ್ಣ ಹಾಲುಗಳಲ್ಲಿ ಮಂಜೀತ್ ಸರ್ಕಾರ್ ಥರದ ದಲಿತ ಹುಡುಗರು ಹಿಂದಿ, ಇಂಗ್ಲಿಷುಗಳಲ್ಲಿ ತಮ್ಮ ಜಾತಿಯನ್ನೇ ಮೈಕಿನ ಮುಂದೆ ಇಟ್ಟು ಮೇಲುಜಾತಿಯ ಪ್ರೇಕ್ಷಕರನ್ನು ನಗಿಸುತ್ತಾ ಮುಜುಗರಕ್ಕೂ ಸಿಕ್ಕಿಸುತ್ತಾರೆ. ಆ ಮುಜುಗರ ಹಗಲುವೇಷದ ಗೇಲಿಯಂತೆ ಸಂಜೆಗೆ ಮುಗಿಯುವುದಿಲ್ಲ. ಮನೆಗೆ ಜೊತೆಯಲ್ಲಿ ಹೋಗುತ್ತದೆ.

7

ಇನ್ನು ನಾಳೆಯ ಮಾತು. ನಮ್ಮ ಹಾಸ್ಟೆಲುಗಳಲ್ಲಿ ಒಂದು ಥರದ ಹುಡುಗರನ್ನ ನಾನು ಕಾಣುತ್ತಿದ್ದೇನೆ. ವಾರ್ಷಿಕೋತ್ಸವದಲ್ಲಿ ವಾರ್ಡನ್ನಿನ ಮಿಮಿಕ್ರಿ ಮಾಡಿ ನಗಿಸೋರು ಅವರೇ, ರಾತ್ರಿ ಮೊಬೈಲಲ್ಲಿ ಮಂಗಳ ಗ್ರಹದ ಸಿನಿಮಾ ನೋಡೋರೂ ಅವರೇ. ಹಿರಿಯ ಗೆಳೆಯರು ಇದನ್ನು ಕಂಡು ಬೇಸರ ಮಾಡಿಕೊಳ್ಳುತ್ತಾರೆ. “ಊರಲ್ಲಿ ಕ್ಷೌರ ಮಾಡೋರು ದಿಕ್ಕಿಲ್ಲ, ಇವನಿಗೆ ಮಂಗಳ ಗ್ರಹ” ಅಂತ. ನಾನು ಇದಕ್ಕೆ ಒಪ್ಪುವುದಿಲ್ಲ. ಧರ್ಮಶಾಸ್ತ್ರ ನಮಗೆ ಹೇಳಿದ್ದು ಏನು? ಇವತ್ತಿನ ನಿನ್ನ ಗತಿ ಹಿಂದಿನ ಜನ್ಮದ ಫಲ, ನಾಳೆಯ ಗತಿ ಇವತ್ತಿನ ವಿಧೇಯತೆಯ ಫಲ. ಅಂದರೆ ನಾಳೆ ಅನ್ನುವುದು ನಿನ್ನೆಯ ಬಾಲ. ವಿಜ್ಞಾನ ಕತೆ ಈ ಬಾಲವನ್ನು ಕತ್ತರಿಸುತ್ತದೆ. ಮನುಷ್ಯರು ಒಂದು ಯಂತ್ರ ಕಟ್ಟಿದರು, ಒಂದು ನಿಯಮ ಮುರಿದರು, ಆದ್ದರಿಂದ ಲೋಕ ಬೇರೆಯಾಯಿತು ಅನ್ನುತ್ತದೆ. ಕರ್ಮಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ವಿರೋಧಿ ಯಾವುದು?

ಇದನ್ನು ಮೊದಲು ಕಂಡುಕೊಂಡವರು ಅಂಚಿನವರೇ. ಚರ್ಮದ ಕೆಲಸದ ರವಿದಾಸರು ಬೇಗಂಪುರ ಎಂಬ ದುಃಖವಿಲ್ಲದ, ತೆರಿಗೆಯಿಲ್ಲದ, ಎರಡನೆ ದರ್ಜೆಯ ಪ್ರಜೆಯಿಲ್ಲದ ಊರನ್ನು ಕಲ್ಪಿಸಿದರು. 1905ರಲ್ಲಿ ಬಂಗಾಳದ ರೊಕೆಯಾ ಎಂಬ ಹೆಣ್ಣುಮಗಳು ‘ಸುಲ್ತಾನಾಸ್ ಡ್ರೀಮ್’ ಬರೆದರು. ಅಲ್ಲಿ ಹೆಂಗಸರು ಸೂರ್ಯನ ಶಾಖದಿಂದ ಅಡುಗೆ ಮಾಡುತ್ತಾರೆ, ಗಂಡಸರು ಜನಾನಾದಲ್ಲಿ ಇದ್ದ ಹಾಗೆ ಮರ್ದಾನಾದಲ್ಲಿ ಇರುತ್ತಾರೆ. ಅದು ವಿಜ್ಞಾನ ಕತೆಯೂ ಹೌದು, ಗಂಡಸರ ಮೇಲಿನ ಗೇಲಿಯೂ ಹೌದು. 1920ರಲ್ಲಿ ಡಬ್ಲ್ಯು.ಇ.ಬಿ. ಡು ಬಾಯ್ಸ್ ‘ದಿ ಕಾಮೆಟ್’ ಎಂಬ ಕತೆ ಪ್ರಕಟಿಸಿದರು. ಧೂಮಕೇತುವಿನ ವಿಷಗಾಳಿಗೆ ನ್ಯೂಯಾರ್ಕ್ ಸತ್ತು ಬೀಳುತ್ತದೆ. ಬ್ಯಾಂಕಿನ ನೆಲಮಾಳಿಗೆಗೆ ಕಳಿಸಲ್ಪಟ್ಟಿದ್ದ ಕರಿಯ ನೌಕರ ಬದುಕುತ್ತಾನೆ, ಒಬ್ಬ ಸಿರಿವಂತ ಬಿಳಿಯ ಹೆಣ್ಣು ಬದುಕುತ್ತಾಳೆ. ಲೋಕವೇ ಸತ್ತಿರುವಾಗ ಅವರಿಬ್ಬರೂ ಮನುಷ್ಯರಾಗುತ್ತಾರೆ. ಊರಾಚೆಯಿಂದ ಅವಳ ಅಪ್ಪ ಜೀವಂತ ಬಂದ ಕೂಡಲೇ ಅವನು ಮತ್ತೆ ಕರಿಯನಾಗುತ್ತಾನೆ. ಅಸ್ಪೃಶ್ಯತೆ ಸಾಯಬೇಕಾದರೆ ಲೋಕವೇ ಸಾಯಬೇಕೆ ಎಂದು ಕೇಳಿದ ಆ ಕತೆ ನಮ್ಮ ಕೇರಿಯಲ್ಲಿ ಹುಟ್ಟಬಹುದಿತ್ತು.

ನಮ್ಮಲ್ಲಿ ಏನೂ ಇರಲಿಲ್ಲ ಅಂತಲ್ಲ. 1984ರ ‘ಕುಸುಮಬಾಲೆ’ಯಲ್ಲಿ ದೇವನೂರ ಮಹಾದೇವ ದೀಪಗಳ ಜೋತಮ್ಮಗಳನ್ನು ಕೂರಿಸಿ ಮಾತಾಡಿಸಿದರು. ಬೇಲೂರಿನ ಪಕ್ಕದ ಮೂಡಿಗೆರೆಯಲ್ಲಿ ಕೂತು ತೇಜಸ್ವಿ 1980ರಲ್ಲಿ ‘ಕರ್ವಾಲೊ’ ಕೊಟ್ಟರು. ಕೋಟ್ಯಂತರ ವರ್ಷ ಹಿಂದಿನ ಹಾರುವ ಓತಿಯನ್ನು ಮೊದಲು ಕಂಡವನು ವಿಜ್ಞಾನಿ ಅಲ್ಲ, ಜೇನಿನ ಹಿಂದೆ ಅಲೆಯುವ ಮಂದಣ್ಣ. ಓದುಗರನ್ನು ನಗಿಸುವವನೂ ಅವನೇ. ಕನ್ನಡದಲ್ಲಿ ನಗು ಮತ್ತು ವಿಜ್ಞಾನ ಇಷ್ಟು ಚೆನ್ನಾಗಿ ಕೂಡಿದ ಪುಸ್ತಕ ಅಪರೂಪ. ಆದರೂ ಕತೆ ಹೇಳುವವನು ತೋಟದ ಯಜಮಾನ. ಮಂದಣ್ಣನೇ ನಿಂತು ಹೇಳಿದ್ದರೆ ಆ ಓತಿ ಯಾವ ಕಡೆಗೆ ಹಾರುತ್ತಿತ್ತು? ಮುಂದಿನ ದಲಿತ ಬರಹ ಉತ್ತರಿಸಬೇಕಾದ ಪ್ರಶ್ನೆ ಇದು. 1987ರ ಭಾರತ ಜನ ವಿಜ್ಞಾನ ಜಾಥಾ ಹಾಡು, ಬೀದಿ ನಾಟಕಗಳ ಮೂಲಕ ವಿಜ್ಞಾನವನ್ನು ಹಳ್ಳಿಗೆ ತಂದಿತು. ಅದು ವಿಜ್ಞಾನವನ್ನು ಕೊಡುವ ಕೆಲಸ. ಕೇರಿಯಿಂದ ಒಂದು ನಾಳೆಯನ್ನು ಪಡೆಯುವ ಕೆಲಸ ಬಾಕಿ ಇದೆ.

8

ಇದೆಲ್ಲ ಬರೀ ಸಾಹಿತ್ಯದ ಮಾತಲ್ಲ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಪರಿಶಿಷ್ಟ ಜಾತಿಗಳ ಒಳವರ್ಗೀಕರಣಕ್ಕೆ ಒಪ್ಪಿತು. 2025ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಕರ್ನಾಟಕ ಸರ್ಕಾರಕ್ಕೆ ವರದಿ ಕೊಟ್ಟು, ಅಲೆಮಾರಿಗಳೂ ಅತಿ ಸಣ್ಣವರೂ ಸೇರಿದ 59 ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇ. 1 ಇಡಲು ಹೇಳಿತು. ಅದೇ ತಿಂಗಳು ಸರ್ಕಾರ ಒಟ್ಟು ಶೇ. 17ನ್ನು 6, 6, 5 ಎಂದು ಮೂರು ಪಾಲು ಮಾಡಿ, ಆ 59 ಸಮುದಾಯಗಳನ್ನು ಶೇ. 5ರ ದೊಡ್ಡ ಗುಂಪಿನೊಳಗೆ ಸೇರಿಸಿತು. ಅಲೆಮಾರಿಗಳು ಬೆಂಗಳೂರಿನಲ್ಲಿ ಧರಣಿ ಕೂತರು. ಗೊಂಬೆ ಆಡಿಸಿದವರು, ಹಗಲುವೇಷ ಹಾಕಿದವರು, ಸ್ಮಶಾನ ಕಾದವರು. ಇಡೀ ನಾಡನ್ನು ನಗಿಸಿ ನಾಳೆ ಹೇಳಿದ ಜನಕ್ಕೆ ನೂರರಲ್ಲಿ ಒಂದು ಪಾಲಿನ ನಾಳೆಯೂ ತಮ್ಮದಾಗಿ ಉಳಿಯಲಿಲ್ಲ. ದಲಿತರೊಳಗಿನ ಬಲಿತವರು ನಾವು, ಹೊಲೆಯರು ಮಾದಿಗರು, ಈ ಪ್ರಶ್ನೆಯನ್ನು ಅವರ ಪ್ರಶ್ನೆ ಅಂತ ಬಿಟ್ಟರೆ ಊರು ನಮಗೆ ಮಾಡಿದ್ದನ್ನು ನಾವು ಅವರಿಗೆ ಮಾಡಿದಂತೆ.

ಹಾಗಾಗಿ ಈ ಸಂಚಿಕೆಯ ಓದುಗರ ಮುಂದೆ ಮೂರು ಕೆಲಸ ಇಡುತ್ತೇನೆ. ಅರಸೀಕೆರೆ, ಬೇಲೂರು, ಹಳೇಬೀಡಿನ ಸುತ್ತ ಇನ್ನೂ ಉಸಿರಾಡುತ್ತಿರುವ ನಗಿಸುವ ಕಸುಬಿನವರ ಮಾತನ್ನು ಅವರ ಹೆಸರಿನಲ್ಲೇ ದಾಖಲು ಮಾಡಬೇಕು. ಸಂಗ್ರಹಿಸಿದವರ ಹೆಸರು ಒಳಪುಟದಲ್ಲಿ ಇರಲಿ, ಹೇಳಿದವರ ಹೆಸರು ಮುಖಪುಟದಲ್ಲಿ ಇರಲಿ. ಎರಡನೆಯದು, ಹಾಸ್ಟೆಲಿನ ಹುಡುಗ ಹುಡುಗಿಯರು ಮೈಕು ಹಿಡಿದರೆ ‘ಗಂಭೀರವಾಗು’ ಅಂತ ಗದರಿಸುವುದನ್ನು ಬಿಡಬೇಕು. ಅವರ ಮಂಗಳ ಗ್ರಹದಲ್ಲಿ ಬಾವಿ ಯಾರದು, ಸ್ಮಶಾನ ಎಲ್ಲಿದೆ, ಚರಂಡಿ ಬಳಿಯುವವರು ಯಾರು ಅಂತ ಕೇಳಬೇಕು. ಅಷ್ಟು ಕೇಳಿದರೆ ಸಾಕು, ಕತೆ ತಾನಾಗಿ ದಲಿತ ಕತೆಯಾಗುತ್ತದೆ. ಮೂರನೆಯದು, ಆ ಶೇ. 1ರ ಬೇಡಿಕೆಯ ಜೊತೆ ನಿಲ್ಲಬೇಕು. ನಿಲ್ಲುವುದು ಅಂದೆನಲ್ಲ, ಅದೇ ನಿಲ್ಲುವುದು. ಬೆನ್ನು ನೆಟ್ಟಗೆ ಮಾಡಿ, ಟವಲು ಹೆಗಲ ಮೇಲೆ ಹಾಕಿಕೊಂಡು, ಎದುರಿಗಿರುವವರ ಕಣ್ಣು ನೋಡುತ್ತಾ.